ಕ್ರಿಸ್ಮಸ್ಸಿನ ತಿಂಡಿಗಳೂ ಮಕ್ಕಳ ವಿನೋದಗಳೂ

ಧನುರ್ಮಾಸವು ಕಾಲಿಟ್ಟಿತೆಂದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಇಟ್ಟಮಡುವಿನ ಓಣಿಯಲ್ಲಿ ಬೆಳಗಿಗೊಂದು ಕಂಪು, ಬೈಗಿಗೊಂದು ಕಂಪು. ನಸುಕಿನಲ್ಲಿ ಮೆಣಸು ತುಪ್ಪಗಳು ಕೂಡಿದ ಹುಗ್ಗಿಯ ಪರಿಮಳವು ಪೂಜೆಯ ಗಂಟೆಯೊಡನೆ ಹೊರಬರುತ್ತದೆ. ಸಂಜೆಯಾದರೆ ಅದೇ ಸಾಲಿನ ಕೆಲವು ಮನೆಗಳಿಂದ, ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟು ಬಾಣಲೆಯಲ್ಲಿ ಕೆಂಪಗಾಗುವ ಸುವಾಸನೆಯು ಬೀದಿಗೆ ಹರಡುತ್ತದೆ. ಆ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿರುತ್ತವೆ. ಕತ್ತರಿಗುಪ್ಪೆಯ ಕಡೆಯ ಅಂಗಡಿಗಳಲ್ಲಿಯೂ ಇಂಥ ನಕ್ಷತ್ರಗಳು ಸಾಲಾಗಿ ತೂಗುವುದನ್ನು ವಾಚಕರಲ್ಲಿ ಅನೇಕರು ಕಂಡೇ ಇರುವರು. ಚಿಕ್ಕ ಮಕ್ಕಳಿಗೆ ಜಾತಿಮತಗಳ ವಿಚಾರ ತಿಳಿಯದು. ದೀಪವಿರುವ ಕಡೆಗೂ ತಿಂಡಿಯಿರುವ ಕಡೆಗೂ ಅವರ ಕಾಲು ತಾನಾಗಿಯೇ ನಡೆಯುತ್ತದೆ. ಶಾಲೆಗಳಿಗೆ ಕೆಲವು ದಿನಗಳ ಬಿಡುವೂ ಆಗ ಇರುವುದರಿಂದ, "ಇವರನ್ನು ಹೇಗೆ ಸುಮ್ಮನಿರಿಸುವುದು?" ಎಂಬ ಚಿಂತೆ ಗೃಹಿಣಿಯರನ್ನು ಕಾಡುವುದೂ ಉಂಟು. ಈ ಹಬ್ಬದ ತಿಂಡಿಗಳ ವಿಚಾರವನ್ನೂ, ಅದರ ನೆಪದಲ್ಲಿ ಯಾವ ಮತದ ಮನೆಯಲ್ಲಾದರೂ ಮಕ್ಕಳು ಆಡಬಹುದಾದ ಕೆಲವು ವಿನೋದಗಳನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ. ಅದಕ್ಕೆ ಮೊದಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಒಳ್ಳೆಯದು.

ಸುಮಾರು ೩೦ ವರ್ಷಗಳ ಹಿಂದಿನ ಮಾತು. ನಮ್ಮ ನೆರೆಮನೆಗೆ ಮಂಗಳೂರಿನ ಕಡೆಯ ಒಂದು ಕ್ರೈಸ್ತ ಕುಟುಂಬವು ಬಂದು ನೆಲಸಿತ್ತು. ಅವರ ಹುಡುಗಿಯೂ ನಮ್ಮ ಮಗಳೂ ಒಂದೇ ವಯಸ್ಸಿನವರು. ಒಂದೇ ಶಾಲೆಗೆ ಹೋಗುತ್ತಿದ್ದರು. ಆ ವರ್ಷ ಕ್ರಿಸ್ಮಸ್ಸಿನ ಬೆಳಗ್ಗೆ ಆ ಹುಡುಗಿಯು ಹೊಸ ಲಂಗವನ್ನುಟ್ಟು, ಕಸೂತಿಯ ವಸ್ತ್ರವನ್ನು ಹೊದಿಸಿದ ಒಂದು ದೊಡ್ಡ ತಟ್ಟೆಯನ್ನು ಎರಡು ಕೈಯಿಂದಲೂ ಹಿಡಿದು ನಮ್ಮ ಬಾಗಿಲಿಗೆ ಬಂದಳು. ನಮ್ಮ ತಾಯಿಯವರು ನಗುಮುಖದಿಂದಲೇ ತಟ್ಟೆಯನ್ನು ತೆಗೆದುಕೊಂಡರು. ಆದರೆ ಅವರು ಮಡಿಹುಡಿಯಲ್ಲಿ ಬೆಳೆದವರು. ತಿಂಡಿಯಲ್ಲಿ ಮೊಟ್ಟೆಯಿರಬಹುದೆಂಬ ಶಂಕೆ ಅವರನ್ನು ಬಿಡಲಿಲ್ಲ. ಮಗುವು ಅತ್ತ ಹೋದೊಡನೆ ತಟ್ಟೆಯಲ್ಲಿದ್ದುದೆಲ್ಲವನ್ನೂ ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ ಕೊಟ್ಟುಬಿಟ್ಟರು. ತಟ್ಟೆಯನ್ನು ತೊಳೆದು, ಬರಿದಾಗಿಯೇ ನಮ್ಮ ಮಗಳ ಕೈಯಲ್ಲಿ ಹಿಂದಕ್ಕೆ ಕಳುಹಿಸಿದರು. ನಾವು ಕಂಡೂ ಸುಮ್ಮನಿದ್ದೆವು. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪನಿಷತ್ತಿನ ಉಪದೇಶವನ್ನು ತರಗತಿಯಲ್ಲಿ ಎಷ್ಟೋ ಸಲ ಬಾಯಿಪಾಠ ಮಾಡಿಸಿದ ಉಪಾಧ್ಯಾಯರಾದ ನಮಗೆ ಆ ದಿನ ಬಾಯಿ ಬರಲಿಲ್ಲ.

ಮಕ್ಕಳಿಗೆ ಸುಳ್ಳು ಹೇಳಲು ಬಾರದು. "ನಿನಗೆ ಯಾವುದು ಹೆಚ್ಚು ಇಷ್ಟವಾಯಿತು?" ಎಂದು ಆ ಹುಡುಗಿಯು ಕೇಳಿದಾಗ, "ನಾವು ತಿನ್ನಲಿಲ್ಲ, ಅಜ್ಜಿ ಕೆಲಸದವಳಿಗೆ ಕೊಟ್ಟರು" ಎಂದು ನಮ್ಮ ಮಗಳು ಹೇಳಿಬಿಟ್ಟಳು. ಮರುವರ್ಷ ನೆರೆಮನೆಯಲ್ಲಿ ನಕ್ಷತ್ರವು ತೂಗಿತು, ಬಾಣಲೆಯ ಕಂಪೂ ಬಂದಿತು. ತಟ್ಟೆ ಮಾತ್ರ ಬರಲಿಲ್ಲ. ಸಂಜೆಯವರೆಗೂ ಕಾದಿದ್ದ ನಮ್ಮ ತಾಯಿಯವರು, "ಈ ವರ್ಷ ಆ ಮಗು ಬರಲೇ ಇಲ್ಲವಲ್ಲ" ಎಂದರು. ಆಗ ಮೊಮ್ಮಗಳಿಂದ ನಡೆದುದೆಲ್ಲ ಹೊರಬಿದ್ದಿತು. ಅವರು ಏನನ್ನೂ ಆಡದೆ ಒಳಕ್ಕೆ ಹೋದರು. ಮೂರು ವಾರಗಳಾದ ಮೇಲೆ ಸಂಕ್ರಾಂತಿಯ ದಿನ ಏನು ನಡೆಯಿತೆಂಬುದನ್ನು ಈ ಲೇಖನದ ಕೊನೆಯಲ್ಲಿ ತಿಳಿಸುವೆವು. ಈಗ ತಿಂಡಿಯ ವಿಚಾರಕ್ಕೆ ಬರೋಣ.

ಆ ತಟ್ಟೆಯಲ್ಲಿ ಇದ್ದುದೇನು? ಮಂಗಳೂರಿನ ಕೊಂಕಣಿ ಕ್ರೈಸ್ತರು ಕ್ರಿಸ್ಮಸ್ಸಿಗೆಂದು ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ಸಮೂಹಕ್ಕೆ 'ಕುಸ್ವಾರ್' ಎಂದು ಹೆಸರು. ಇವರ ಪೂರ್ವಿಕರು ೧೬ನೆಯ ಶತಮಾನದಿಂದ ಮೊದಲ್ಗೊಂಡು ಹಲವು ತಂಡಗಳಾಗಿ ಗೋವೆಯಿಂದ ನಮ್ಮ ಕರಾವಳಿಗೆ ಬಂದು ನೆಲಸಿದವರು. ಗೋವೆಯಲ್ಲಿದ್ದಾಗ ಪೋರ್ಚುಗೀಸರ ಸಂಪರ್ಕದಿಂದ ಕಲಿತುದು ಕೆಲವು, ಅದಕ್ಕೂ ಮೊದಲಿನಿಂದ ಮನೆತನದಲ್ಲಿಯೇ ಇದ್ದುದು ಕೆಲವು, ಕನ್ನಡ ತುಳು ನಾಡಿನಲ್ಲಿ ಕೂಡಿಕೊಂಡುದು ಕೆಲವು, ಹೀಗೆ ಮೂರು ಬಗೆಯ ತಿಂಡಿಗಳು ಒಂದು ತಟ್ಟೆಯಲ್ಲಿ ಬೆರೆತಿವೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ಲಾಡು, ಹೂವಿನಾಕಾರದ ಅಚ್ಚಿನಲ್ಲಿ ಕರಿದ ಗುಲಾಬಿ ಬಿಸ್ಕತ್ತು, ಒಣಹಣ್ಣುಗಳ ಕೇಕು, ಇವು ಅದರಲ್ಲಿ ಮುಖ್ಯವಾದುವು.

ಈ ಹೆಸರುಗಳನ್ನು ಕೇಳಿದ ಮಾತ್ರಕ್ಕೆ ಅನ್ಯದೇಶದ ಪದಾರ್ಥಗಳೆಂದು ಭಾವಿಸಬೇಕಾಗಿಲ್ಲ. ನೆವ್ರಿಯೆಂದರೆ ನಮ್ಮ ಕರ್ಜಿಕಾಯಿಯ ಒಡಹುಟ್ಟು. ಕಣಕದ ಹಾಳೆಯೊಳಗೆ ಎಳ್ಳು, ತುರಿದ ಕೊಬ್ಬರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಗೋಡಂಬಿಗಳ ಹೂರಣವನ್ನಿಟ್ಟು, ಅರ್ಧಚಂದ್ರಾಕಾರವಾಗಿ ಮಡಿಸಿ, ಅಂಚನ್ನು ಕತ್ತರಿಸಿ ಕರಿಯುವುದು. ನಮ್ಮಲ್ಲಿ ಹುರಿಗಡಲೆಯೂ ಗಸಗಸೆಯೂ ಸೇರುತ್ತವೆ, ಅಷ್ಟೇ ಭೇದ. ಚಕ್ಕುಲಿಯಂತೂ ಹೆಸರನ್ನು ಕೂಡ ಬದಲಿಸಿಲ್ಲ. ಗುಳಿಯೊ ಎಂಬುದು ಅಕ್ಕಿಯ ಹಿಟ್ಟನ್ನೂ ತೆಂಗಿನ ಹಾಲನ್ನೂ ಕೂಡಿಸಿ ಕಟ್ಟಿದ ಗಟ್ಟಿಯಾದ ಚಿಕ್ಕ ಗುಂಡು. ಇನ್ನು ಕಿಡಿಯೊ ಎಂಬ ಮಾತಿಗೆ ಕೊಂಕಣಿಯಲ್ಲಿ 'ಹುಳುಗಳು' ಎಂದೇ ಅರ್ಥ. ಸಂಸ್ಕೃತದ 'ಕೀಟ' ಶಬ್ದವನ್ನು ಬಲ್ಲವರಿಗೆ ಇದರ ಮೂಲವನ್ನು ವಿವರಿಸಬೇಕಾಗಿಲ್ಲ. ಸುರುಳಿಯಾಗಿ ಮುದುಡಿದ ಹುಳುವಿನಂತೆ ಕಾಣುವುದರಿಂದ ಆ ಹೆಸರು. ಇದನ್ನೇ ಇತರರು 'ಕುಲ್ಕುಲ್' ಎನ್ನುವರು. ಹುಳುವನ್ನು ತಿನ್ನುತ್ತೇವೆಂದು ಹೇಳಿಕೊಂಡು ನಗುವುದೇ ಮಕ್ಕಳಿಗೆ ಅರ್ಧ ಹಬ್ಬ.

ಕಿಡಿಯೊ ಮಾಡುವ ಕ್ರಮವನ್ನು ಮೊದಲು ಹೇಳುವೆವು. ಏಕೆಂದರೆ ಮನೆಯ ಮಕ್ಕಳೆಲ್ಲ ಕೈಹಾಕಬಹುದಾದ ತಿಂಡಿ ಇದಕ್ಕಿಂತ ಬೇರೆಯಿಲ್ಲ. ಮೊಟ್ಟೆಯೂ ಇದಕ್ಕೆ ಬೇಕಾಗಿಲ್ಲ. ಅರ್ಧ ಕಿಲೋಗ್ರಾಂ ಮೈದಾ ಹಿಟ್ಟಿಗೆ ೪ ದೊಡ್ಡ ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ೨ ದೊಡ್ಡ ಚಮಚ ಕಾಯಿಸಿದ ತುಪ್ಪವನ್ನು ಹಾಕಿ ಬೆರಳಿನಿಂದ ಚೆನ್ನಾಗಿ ತಿಕ್ಕಬೇಕು. ಬಳಿಕ ಒಂದು ತೆಂಗಿನಕಾಯಿಯ ಮೊದಲ ಹಾಲನ್ನು, ಸುಮಾರು ಒಂದು ಬಟ್ಟಲಿನಷ್ಟು, ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಚಪಾತಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಒದ್ದೆಬಟ್ಟೆ ಹೊದಿಸಿ ಅರ್ಧ ಗಂಟೆ ಬಿಡಬೇಕು. ಇಲ್ಲಿಂದ ಮುಂದೆ ಮಕ್ಕಳ ರಾಜ್ಯ. ಹಿಟ್ಟನ್ನು ಗೋಲಿಯಷ್ಟು ಗಾತ್ರದ ಉಂಡೆಗಳನ್ನಾಗಿ ಮಾಡಿ, ಎಣ್ಣೆ ಸವರಿದ ಮುಳ್ಳುಚಮಚದ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ, ಒಂದು ತುದಿಯಿಂದ ಸುರುಳಿ ಸುತ್ತಿದರೆ ಗೆರೆಗೆರೆಯಾದ ಪುಟ್ಟ ಶಂಖದಂತೆ ಎದ್ದುಬರುತ್ತದೆ. ಮುಳ್ಳುಚಮಚವಿಲ್ಲದವರು ತೊಳೆದ ಹೊಸ ಬಾಚಣಿಗೆಯನ್ನು ಉಪಯೋಗಿಸಬಹುದು. ಅಂಚನ್ನು ಬಿಗಿಯಾಗಿ ಅಂಟಿಸದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಿರಬೇಕು.

ಕರಿಯುವ ಕೆಲಸವು ದೊಡ್ಡವರದು. ಬಾಣಲೆಯ ಹತ್ತಿರ ಮಕ್ಕಳನ್ನು ಬಿಡಕೂಡದು. ಉರಿಯನ್ನು ಸಣ್ಣದಾಗಿಟ್ಟು ನಿಧಾನವಾಗಿ ಕರಿದರೆ ಒಳಗೂ ಗರಿಯಾಗುತ್ತದೆ; ಅವಸರಪಟ್ಟರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಒಂದು ಬಟ್ಟಲು ಸಕ್ಕರೆಗೆ ಕಾಲು ಬಟ್ಟಲು ನೀರು ಹಾಕಿ ಗಟ್ಟಿಯಾದ ಎಳೆಪಾಕ ಬಂದಾಗ ಇಳಿಸಿ, ಕರಿದ ಸುರುಳಿಗಳನ್ನು ಅದರಲ್ಲಿ ಹೊರಳಾಡಿಸಿದರೆ ಸಕ್ಕರೆಯು ಬೆಳ್ಳಗೆ ಹರಳುಕಟ್ಟಿ ಅಂಟಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ವಾರ ಕೆಡದು. ಉತ್ತರ ಕರ್ನಾಟಕದ ಮನೆಗಳಲ್ಲಿ ಗೋಧಿಯ ಹಿಟ್ಟನ್ನು ಬೆರಳಿನಿಂದ ಹೊಸೆದು ಪಾಯಸಕ್ಕೆಂದು ಗೌಲಿ ಮಾಡುವುದನ್ನು ಕಂಡವರಿಗೆ ಈ ಕೆಲಸದ ಸೊಗಸು ಗೊತ್ತು. ಹತ್ತು ಕೈಗಳು ಕೂಡಿ ಕುಳಿತಾಗಲೇ ಇಂಥ ತಿಂಡಿ ಆಗುವುದು. ಒಬ್ಬಳೇ ಗೃಹಿಣಿ ಕುಳಿತು ಮಾಡಿದರೆ ಅದು ತಿಂಡಿಯಲ್ಲ, ದಂಡನೆ. ಮಂಗಳೂರಿನ ಮನೆಗಳಲ್ಲಿ ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರೂ ಸುತ್ತ ಕುಳಿತು ಕಿಡಿಯೊ ಸುತ್ತುವ ವಾಡಿಕೆಯು ಇದಕ್ಕಾಗಿಯೇ ಬಂದುದು. ಈಗ ಎಲ್ಲವೂ ಡಬ್ಬಿಯಲ್ಲಿ ಸಿದ್ಧವಾಗಿ ಕೊಂಡುಕೊಳ್ಳಲು ಸಿಕ್ಕುತ್ತದೆ. ಕೊಂಡ ತಿಂಡಿಯಲ್ಲಿ ರುಚಿಗೆ ಕೊರತೆಯಿಲ್ಲದಿರಬಹುದು; ಆದರೆ ಆ ಸುತ್ತ ಕುಳಿತ ಸಂಜೆಯು ಡಬ್ಬಿಯಲ್ಲಿ ಬಾರದು.

ಇನ್ನು ಕೇಕಿನ ಮಾತು. ನಮ್ಮ ಪಕ್ಕದ ಕೇರಳದ ತಲಶ್ಶೇರಿಯಲ್ಲಿ ೧೮೮೩ರಲ್ಲಿ ಮಂಬಳ್ಳಿ ಬಾಪು ಎಂಬ ರೊಟ್ಟಿ ತಯಾರಕರು ಮರ್ಡಕ್ ಬ್ರೌನ್ ಎಂಬ ತೋಟಗಾರರ ಕೋರಿಕೆಯಂತೆ, ಅವರು ತಂದ ಮಾದರಿಯನ್ನು ರುಚಿನೋಡಿ, ಭಾರತದಲ್ಲಿಯೇ ಮೊದಲಿನ ಕ್ರಿಸ್ಮಸ್ ಕೇಕನ್ನು ಮಾಡಿದರೆಂಬ ಪ್ರತೀತಿಯಿದೆ. ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಯೂರಿದುದು ೧೯ನೆಯ ಶತಮಾನದ ಮೊದಲ ದಶಕದಲ್ಲಿ. ಅವರೊಡನೆ ಈ ತಿನಿಸೂ ಇಲ್ಲಿಗೆ ಬಂದಿತು. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿಯು ೧೯೦೨ರಲ್ಲಿ ಆರಂಭವಾದುದು. ದಂಡಿನ ಪ್ರದೇಶದಲ್ಲಿಯೇ ಉಳಿದುಬಿಡಬಹುದಾಗಿದ್ದ ಈ ವಿದ್ಯೆಯು ಪೇಟೆಯ ಶಾಕಾಹಾರಿ ಮನೆಗಳಿಗೂ ತಲಪಿದುದು ಅಯ್ಯಂಗಾರ್ ಬೇಕರಿಗಳ ಮೂಲಕ. ಅವುಗಳಲ್ಲಿ ಮೊದಲಿನದೆಂದು ಹೆಸರಾದ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ಎಚ್.ಎಸ್. ತಿರುಮಲಾಚಾರ್ ಅವರು ೧೮೯೮ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದರು. ಮೊಟ್ಟೆಯಿಲ್ಲದೆ ರೊಟ್ಟಿ, ಬನ್ನು, ಕೇಕುಗಳನ್ನು ಮಾಡುವ ಆ ಪದ್ಧತಿಯು ಹಬ್ಬಿದುದರಿಂದ, ಇಂದು ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಯಿಲ್ಲದ ಬಡಾವಣೆಯನ್ನು ಹುಡುಕುವುದು ಕಷ್ಟ.

ಮೊಟ್ಟೆಯಿಲ್ಲದೆ ಕೇಕು ಉಬ್ಬುವುದು ಹೇಗೆ? ಇದು ಮಕ್ಕಳಿಗೆ ಅಡಿಗೆಮನೆಯಲ್ಲಿಯೇ ರಸಾಯನಶಾಸ್ತ್ರವನ್ನು ಕಲಿಸುವ ಸಂದರ್ಭ. ಒಂದು ಬಟ್ಟಲು ಗಟ್ಟಿ ಮೊಸರಿಗೆ ಅರ್ಧ ಚಿಕ್ಕ ಚಮಚ ಅಡಿಗೆ ಸೋಡವನ್ನೂ ಒಂದೂಕಾಲು ಚಿಕ್ಕ ಚಮಚ ಬೇಕಿಂಗ್ ಪುಡಿಯನ್ನೂ ಹಾಕಿ ಐದು ನಿಮಿಷ ಬಿಟ್ಟರೆ, ಮೊಸರಿನ ಹುಳಿಯು ಸೋಡದೊಡನೆ ಸೇರಿ ಇಂಗಾಲಾಮ್ಲ ವಾಯುವು ಗುಳ್ಳೆಗುಳ್ಳೆಯಾಗಿ ಮೇಲೇಳುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಆ ವಾಯುವೇ ಹಿಟ್ಟನ್ನು ಎತ್ತಿಹಿಡಿಯುವುದು. ಇದಕ್ಕೆ ಮುಕ್ಕಾಲು ಬಟ್ಟಲು ಸಕ್ಕರೆಯನ್ನು ಕರಗಿಸಿ, ಅರ್ಧ ಬಟ್ಟಲು ವಾಸನೆಯಿಲ್ಲದ ಅಡಿಗೆ ಎಣ್ಣೆಯನ್ನು ಬೆರಸಿ, ಜರಡಿ ಹಿಡಿದ ಒಂದೂವರೆ ಬಟ್ಟಲು ಮೈದಾವನ್ನು ಮೆಲ್ಲಗೆ ಕೂಡಿಸಬೇಕು. ಹೆಚ್ಚು ಕಲಕಬಾರದು, ಕಲಕಿದರೆ ವಾಯುವು ಹೊರಟುಹೋಗಿ ಕೇಕು ಕಲ್ಲಾಗುತ್ತದೆ. ಹಿಂದಿನ ರಾತ್ರಿಯೇ ಕಿತ್ತಿಳೆಯ ರಸದಲ್ಲಿ ನೆನೆಹಾಕಿಟ್ಟ ಒಣದ್ರಾಕ್ಷಿ, ಖರ್ಜೂರದ ಚೂರು, ಗೋಡಂಬಿಗಳನ್ನು ಸೋಸಿ, ಒಣ ಮೈದಾದಲ್ಲಿ ಹೊರಳಿಸಿ ಸೇರಿಸಿದರೆ ಅವು ತಳಕ್ಕೆ ಇಳಿಯುವುದಿಲ್ಲ. ಚಕ್ಕೆ, ಲವಂಗ, ಜಾಯಿಕಾಯಿಗಳ ಪುಡಿ ಒಂದೊಂದು ಚಿಟಿಕೆ ಬಿದ್ದರೆ ಹಬ್ಬದ ಪರಿಮಳವು ತಾನಾಗಿ ಬರುತ್ತದೆ. ಮದ್ಯದಲ್ಲಿ ಹಣ್ಣನ್ನು ನೆನೆಸುವ ಪದ್ಧತಿಯೂ ಉಂಟು. ಮಕ್ಕಳಿರುವ ಮನೆಗೆ ಕಿತ್ತಿಳೆಯ ರಸವೇ ಯೋಗ್ಯ.

ಒಲೆಪೆಟ್ಟಿಗೆಯಿಲ್ಲದವರು ದೊಡ್ಡ ಕುಕ್ಕರಿನ ತಳದಲ್ಲಿ ಒಂದು ಅಂಗುಲ ಉಪ್ಪನ್ನು ಹರಡಿ, ಮುಚ್ಚಳದ ರಬ್ಬರನ್ನೂ ತೂಕವನ್ನೂ ತೆಗೆದಿಟ್ಟು, ನೀರು ಹಾಕದೆ ಹತ್ತು ನಿಮಿಷ ಕಾಯಿಸಬೇಕು. ತುಪ್ಪ ಸವರಿದ ಪಾತ್ರೆಯಲ್ಲಿ ಅರ್ಧದಷ್ಟು ಮಾತ್ರ ಹಿಟ್ಟನ್ನು ತುಂಬಿ, ಒಳಗೆ ಒಂದು ಅಡ್ಡಣಿಗೆಯ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದೆ ಬಂದರೆ ಬೆಂದಿತೆಂದು ತಿಳಿಯತಕ್ಕದ್ದು. ಪೂರ್ತಿ ಆರುವವರೆಗೆ ಕೊಯ್ಯಬಾರದು. ಆ ಆರುವ ಒಂದು ಗಂಟೆಯೇ ಮಕ್ಕಳಿಗೆ ತಾಳ್ಮೆಯ ಪಾಠ.

ಸಕ್ಕರೆಯಿಂದ ಮನುಷ್ಯನ ಕೈ ಏನೇನು ಮಾಡಬಲ್ಲದೆಂಬುದನ್ನು ಮಕ್ಕಳಿಗೆ ತೋರಿಸಬೇಕಾದರೆ, ೧೯೭೦ರ ದಶಕದಿಂದ ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳಿನಲ್ಲಿ ನಡೆದುಬಂದಿರುವ ಕೇಕಿನ ಪ್ರದರ್ಶನಕ್ಕೆ ಕರೆದುಕೊಂಡು ಹೋಗಬಹುದು. ಅರಮನೆ, ದೇವಾಲಯ, ಪ್ರಾಣಿ, ಪಕ್ಷಿಗಳೆಲ್ಲ ಅಲ್ಲಿ ಸಕ್ಕರೆಯ ರೂಪವನ್ನು ತಾಳಿ ಆಳೆತ್ತರಕ್ಕೆ ನಿಂತಿರುತ್ತವೆ. ಅದನ್ನು ನೋಡಿ ಬಂದ ನಮ್ಮ ಮೊಮ್ಮಗನು, "ಇದು ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಅಣ್ಣ" ಎಂದನು. ಮಗುವಿನ ಮಾತು ಸುಳ್ಳಲ್ಲ. ಮರದ ಅಚ್ಚಿಗೆ ಪಾಕವನ್ನು ಹೊಯ್ದು ಗೋಪುರ, ಬೃಂದಾವನ, ಆನೆ, ಕುದುರೆಗಳನ್ನು ತೆಗೆಯುವ ನಮ್ಮ ಹೆಂಗಸರ ಕಲೆಯೂ ಇದೇ ವಂಶದ್ದು.

ತಿಂಡಿಯಾಯಿತು, ಇನ್ನು ವಿನೋದಗಳು. ಮೊದಲನೆಯದು ಗೋದಲಿ. ಯೇಸುವು ದನದ ಕೊಟ್ಟಿಗೆಯಲ್ಲಿ ಹುಟ್ಟಿದನೆಂಬ ಕಥೆಯನ್ನು ಕಣ್ಣಿಗೆ ಕಾಣುವಂತೆ ಮಾಡಬೇಕೆಂದು ಅಸ್ಸೀಸಿಯ ಸಂತ ಫ್ರಾನ್ಸಿಸರು ೧೨೨೩ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಕೊಟ್ಟಿಗೆಯನ್ನೇ ಹೂಡಿದರು. ಅಂದಿನಿಂದ ಈ ಪದ್ಧತಿಯು ಜಗತ್ತೆಲ್ಲ ಹರಡಿತು. ದಸರೆಯಲ್ಲಿ ಗೊಂಬೆ ಕೂರಿಸುವ ಮೈಸೂರು ಸೀಮೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೊಂಬೆಗಳ ಮುಂದೆ ಉದ್ಯಾನ ಮಾಡಲೆಂದು ನಾವು ತಟ್ಟೆಯಲ್ಲಿ ರಾಗಿಯನ್ನೋ ಸಾಸಿವೆಯನ್ನೋ ಬಿತ್ತುವಂತೆಯೇ ಕರಾವಳಿಯ ಕ್ರೈಸ್ತರೂ ಗೋದಲಿಯ ಹುಲ್ಲಿಗಾಗಿ ಹಬ್ಬಕ್ಕೆ ಹತ್ತು ದಿನ ಮೊದಲು ರಾಗಿಯನ್ನು ಬಿತ್ತುವುದುಂಟು. ಮಕ್ಕಳ ಕೈಗೆ ಒಂದು ಹಳೆಯ ತಟ್ಟೆ, ಒಂದು ಹಿಡಿ ಮಣ್ಣು, ಒಂದು ಚಮಚ ರಾಗಿಯನ್ನು ಕೊಟ್ಟುನೋಡಿ. ರಾಗಿಯನ್ನು ಒಂದು ರಾತ್ರಿ ನೆನೆಸಿ ಬಿತ್ತಿ, ದಿನಕ್ಕೆರಡು ಸಲ ನೀರು ಚಿಮುಕಿಸಿದರೆ, ಮೂರು ನಾಲ್ಕು ದಿನಗಳಲ್ಲಿ ಮೊಳಕೆ ತೋರಿ, ಹತ್ತನೆಯ ದಿನಕ್ಕೆ ಹಸುರು ಹಾಸು ಸಿದ್ಧ. ಮಣ್ಣಿನ ಹಸುವನ್ನೂ ಕುರಿಮರಿಯನ್ನೂ ಅವರೇ ಮಾಡಲಿ. ಒಕ್ಕಲುತನದ ಮಾತನ್ನು ಪುಸ್ತಕದಲ್ಲಿಯೇ ಓದುವ ಪಟ್ಟಣದ ಮಕ್ಕಳು, ಒಂದು ಕಾಳು ಹಸುರಾಗುವುದನ್ನು ದಿನವೂ ಬಗ್ಗಿ ನೋಡುವಾಗ ಅವರ ಮುಖದಲ್ಲಿ ಕಾಣುವ ಬೆರಗು ಬೇರೆಲ್ಲಿಯೂ ದೊರೆಯದು.

ಎರಡನೆಯದು ನಕ್ಷತ್ರ. ದೀಪಾವಳಿಯ ಆಕಾಶಬುಟ್ಟಿಯನ್ನು ಮನೆಯಲ್ಲಿ ಕಟ್ಟುತ್ತಿದ್ದವರಿಗೆ ಇದು ಸುಲಭ. ಒಂದೇ ಅಳತೆಯ ಹತ್ತು ಬಿದಿರು ಕಡ್ಡಿಗಳನ್ನು ತೆಗೆದುಕೊಳ್ಳಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತವನ್ನು ಬರೆದು, ಅದರ ಮೇಲೆ ಸಮದೂರದಲ್ಲಿ ಐದು ಚುಕ್ಕೆಗಳನ್ನು ಇಟ್ಟು, ಒಂದು ಚುಕ್ಕೆಯನ್ನು ಬಿಟ್ಟು ಒಂದಕ್ಕೆ ಕಡ್ಡಿಯನ್ನು ಜೋಡಿಸುತ್ತ ಹೋದರೆ ಐದು ಕಡ್ಡಿಗಳಿಂದ ಪಂಚಕೋನದ ನಕ್ಷತ್ರವಾಗುತ್ತದೆ. ಇಂಥ ಎರಡು ನಕ್ಷತ್ರಗಳನ್ನು ಒಂದರ ಮೇಲೊಂದಿಟ್ಟು ಐದು ತುದಿಗಳಲ್ಲಿಯೂ ದಾರದಿಂದ ಕಟ್ಟಿ, ನಡುವೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಸ್ಥಳಗಳಲ್ಲಿ ಬೆರಳುದ್ದದ ತುಂಡುಗಳನ್ನು ಊರುಗೋಲಾಗಿ ನಿಲ್ಲಿಸಿದರೆ ಹೊಟ್ಟೆಯುಬ್ಬಿದ ನಕ್ಷತ್ರವು ಸಿದ್ಧ. ಬಣ್ಣದ ಕಾಗದವನ್ನು ಅಂಟಿಸಿ ಒಳಗೆ ಚಿಕ್ಕ ವಿದ್ಯುದ್ದೀಪವನ್ನು ತೂಗಬಹುದು. ಮೋಂಬತ್ತಿಯನ್ನು ಎಂದಿಗೂ ಇಡಕೂಡದು. ಉಪಾಧ್ಯಾಯರ ಚಪಲ ನಮ್ಮನ್ನು ಬಿಡದು. ಪ್ರತಿಯೊಂದು ತುದಿಯ ಕೋನವೂ ೩೬ ಅಂಶವೆಂದೂ, ಐದನ್ನು ಕೂಡಿಸಿದರೆ ೧೮೦ ಆಗುವುದೆಂದೂ, ತ್ರಿಕೋನದ ಮೂರು ಕೋನಗಳ ಮೊತ್ತವೂ ಅಷ್ಟೇ ಎಂದೂ ಕಡ್ಡಿ ಕಟ್ಟುವಾಗಲೇ ಹೇಳಿಬಿಟ್ಟರೆ ಮಕ್ಕಳು ಅದನ್ನು ಬೇಗ ಮರೆಯಲಾರರು.

ಮೂರನೆಯದು ಗುಟ್ಟಿನ ಗೆಳೆಯನ ಆಟ. ಮನೆಯವರೆಲ್ಲರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಒಂದು ಚೊಂಬಿನಲ್ಲಿ ಹಾಕಿ, ಒಬ್ಬೊಬ್ಬರೂ ಒಂದೊಂದನ್ನು ಎತ್ತಬೇಕು. ತನ್ನ ಹೆಸರೇ ಬಂದರೆ ಮರಳಿ ಹಾಕತಕ್ಕದ್ದು. ತನಗೆ ಬಂದ ಹೆಸರಿನವರಿಗೆ ಒಂದು ವಾರದವರೆಗೆ ಗುಟ್ಟಾಗಿ ಉಪಕಾರ ಮಾಡುತ್ತಿರಬೇಕು: ಅಜ್ಜನ ಕನ್ನಡಕವನ್ನು ಒರಸಿಡುವುದು, ಅಮ್ಮನು ಏಳುವ ಮೊದಲು ಅಂಗಳಕ್ಕೆ ನೀರು ಹಾಕುವುದು, ತಮ್ಮನ ಪುಸ್ತಕಗಳಿಗೆ ಹೊದಿಕೆ ಹಾಕುವುದು. ಕೊನೆಯ ದಿನ ಯಾರು ಯಾರ ಗೆಳೆಯರೆಂದು ಊಹಿಸಿ ಹೇಳುವುದೇ ಆಟ. ಹಣ ಕೊಟ್ಟು ವಸ್ತುವನ್ನು ಕೊಳ್ಳಕೂಡದೆಂಬ ಒಂದು ನಿಯಮವನ್ನು ಮೊದಲೇ ಮಾಡಿಕೊಳ್ಳುವುದು ಮೇಲು.

ಈ ಆಟದ ಹಿಂದೆ ಮಕ್ಕಳಿಗೆ ಹೇಳತಕ್ಕ ಕಥೆಯೊಂದುಂಟು. ಕೆಂಪುಡುಪಿನ ಕ್ರಿಸ್ಮಸ್ ತಾತನ ಮೂಲಪುರುಷರಾದ ಸಂತ ನಿಕೊಲಾಸರು ೪ನೆಯ ಶತಮಾನದಲ್ಲಿ, ಈಗಿನ ತುರ್ಕಿ ದೇಶಕ್ಕೆ ಸೇರಿದ ಮೈರಾ ಎಂಬ ಪಟ್ಟಣದ ಬಿಷಪ್ಪರಾಗಿದ್ದವರು. ವರದಕ್ಷಿಣೆಗೆ ಗತಿಯಿಲ್ಲದೆ ಮೂವರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಕಂಗಾಲಾಗಿದ್ದ ಒಬ್ಬ ಬಡವನ ಮನೆಯ ಕಿಟಕಿಯಿಂದ, ರಾತ್ರಿಯ ಹೊತ್ತು ಯಾರಿಗೂ ಕಾಣದಂತೆ ಅವರು ಹೊನ್ನಿನ ಚೀಲಗಳನ್ನು ಎಸೆದುಹೋದರೆಂದು ಐತಿಹ್ಯವಿದೆ. ನಮ್ಮ ಶಾಸ್ತ್ರಗಳು ಗುಪ್ತದಾನವನ್ನು ಹೊಗಳುವುದೂ ಇದನ್ನೇ: ಕೊಡುವವನ ಮುಖವು ಕಾಣದಿದ್ದಾಗ ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಾಗಿಲ್ಲ. ಅಂಗಡಿಯ ಬೊಂಬೆಯಾಗಿ ಮಾತ್ರ ಆ ತಾತನನ್ನು ಬಲ್ಲ ಮಕ್ಕಳಿಗೆ ಈ ಕಥೆಯನ್ನು ತಪ್ಪದೆ ಹೇಳಬೇಕು.

"ಪರರ ಹಬ್ಬದ ತಿಂಡಿಯೂ ಆಟವೂ ನಮ್ಮ ಮನೆಗೇಕೆ?" ಎಂದು ಕೇಳುವ ವಾಚಕರೂ ಇರಬಹುದು. ಕನ್ನಡಿಗರ ಮಟ್ಟಿಗೆ ಇದು ಪರರ ಹಬ್ಬವೆನ್ನುವುದು ಸಲ್ಲದು. ಮಂಗಳೂರಿನಲ್ಲಿ ೧೮೪೩ರಲ್ಲಿ ಮೊದಲಿನ ಕನ್ನಡ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರೂ, ೧೮೯೪ರಲ್ಲಿ ನಿಘಂಟನ್ನು ಅಚ್ಚುಮಾಡಿಸಿದ ಕಿಟೆಲರೂ ಕ್ರೈಸ್ತ ಪಾದ್ರಿಗಳೇ ಅಲ್ಲವೆ? ಬೆಂಗಳೂರಿನಲ್ಲಿ ೧೯೦೪ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯದಲ್ಲಿ ಕ್ರಿಸ್ಮಸ್ಸಿನ ಪ್ರಾರ್ಥನೆಯು ನಡೆಯುವುದು ನಮ್ಮ ನಿಮ್ಮ ಕನ್ನಡದಲ್ಲಿಯೇ. ಇನ್ನು ಕಾಲದ ವಿಚಾರ. ರೋಮ್ ನಗರದಲ್ಲಿ ಡಿಸೆಂಬರ್ ೨೫ರಂದು ಈ ಹಬ್ಬವು ನಡೆದುದಕ್ಕೆ ದೊರೆತಿರುವ ಅತ್ಯಂತ ಹಳೆಯ ದಾಖಲೆಯು ಕ್ರಿ.ಶ. ೩೩೬ಕ್ಕೆ ಸೇರಿದುದು. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ ೨೧ ಅಥವಾ ೨೨ರಂದು. ಅಯನಚಲನದ ಕಾರಣದಿಂದ ನಮ್ಮ ಮಕರ ಸಂಕ್ರಮಣವು ಈಗ ಜನವರಿ ೧೪ ಅಥವಾ ೧೫ಕ್ಕೆ ಸರಿದಿದೆ. ಮೂಲದಲ್ಲಿ ಎರಡು ಹಬ್ಬಗಳೂ ಬೆಳಕು ಹೆಚ್ಚತೊಡಗುವ ಕಾಲದವೇ. ಒಂದರಲ್ಲಿ ಕುಸ್ವಾರಿನ ತಟ್ಟೆಯು ಮನೆಯಿಂದ ಮನೆಗೆ ಹೋಗುತ್ತದೆ. ಇನ್ನೊಂದರಲ್ಲಿ ಎಳ್ಳುಬೆಲ್ಲದ ತಟ್ಟೆ. ಹೊತ್ತುಕೊಂಡು ಹೋಗುವವರು ಎರಡರಲ್ಲಿಯೂ ಹೊಸಬಟ್ಟೆಯನ್ನುಟ್ಟ ಮಕ್ಕಳೇ.

ಈಗ ಉಳಿಸಿಟ್ಟ ಕಥೆಯನ್ನು ಮುಗಿಸುವೆವು. ಆ ಸಂಕ್ರಾಂತಿಯ ಸಂಜೆ ನಮ್ಮ ತಾಯಿಯವರು ಮೊಮ್ಮಗಳಿಗೆ ಜಡೆ ಹೆಣೆದು ಹೂ ಮುಡಿಸಿದರು. ಎಳ್ಳು ಬೀರಲು ಅವಳೊಬ್ಬಳನ್ನೇ ಕಳುಹಿಸುವುದು ವಾಡಿಕೆ. ಆ ದಿನ ತಾವೇ ತಟ್ಟೆಯನ್ನು ಹಿಡಿದು ಹೊರಟರು. ನಾವೂ ಹಿಂದೆ ಹೋದೆವು. ನೆರೆಮನೆಯ ಗೃಹಿಣಿಯು ಬಾಗಿಲು ತೆರೆದು, ಬೆರಗಾಗಿ, ಒಳಕ್ಕೆ ಕರೆದು ಕುಳ್ಳಿರಿಸಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕಡೆಗೆ ನಮ್ಮ ತಾಯಿಯವರೇ, "ನೋಡಮ್ಮಾ, ಹೋದ ವರ್ಷ ನಾನು ತಪ್ಪು ಮಾಡಿದೆ. ನನಗೆ ಮೊಟ್ಟೆ ಆಗದು. ಅದನ್ನು ನಿಮ್ಮನ್ನು ಕೇಳಬೇಕಾಗಿತ್ತು. ಕೇಳದೆ ಮಗುವಿನ ಮನಸ್ಸನ್ನು ನೋಯಿಸಿದೆ. ನಿಮ್ಮ ತಿಂಡಿಗಳಲ್ಲಿ ಯಾವುದಕ್ಕೆ ಹಾಕುತ್ತೀರಿ, ಯಾವುದಕ್ಕಿಲ್ಲ, ಹೇಳಿಬಿಡಿ" ಎಂದರು. ಆಕೆಯ ಕಣ್ಣು ತುಂಬಿತು, ನಗುವೂ ಬಂದಿತು. "ಕೇಕಿಗೂ ಗುಲಾಬಿ ಬಿಸ್ಕತ್ತಿಗೂ ಮಾತ್ರ ಅಮ್ಮಾ, ಉಳಿದುದಕ್ಕೆ ಯಾವುದಕ್ಕೂ ಇಲ್ಲ. ನಾನಾದರೂ ಮೊದಲೇ ಹೇಳಿ ಕಳುಹಿಸಬೇಕಾಗಿತ್ತು" ಎಂದರು. ಮಕ್ಕಳಿಬ್ಬರೂ ಅಷ್ಟರಲ್ಲಿ ಸಕ್ಕರೆ ಅಚ್ಚಿನ ಆನೆಯ ಸೊಂಡಿಲು ಯಾರಿಗೆಂದು ಜಗಳಕ್ಕೆ ಕುಳಿತಿದ್ದರು.

ಮುಂದಿನ ಡಿಸೆಂಬರಿನಲ್ಲಿ ಎರಡು ತಟ್ಟೆಗಳು ಬಂದುವು. ಒಂದರ ಮೇಲೆ "ಅಜ್ಜಿಗೆ" ಎಂದು ಆ ಹುಡುಗಿಯು ಕನ್ನಡದಲ್ಲಿ ಬರೆದು ಅಂಟಿಸಿದ್ದಳು. ನಮ್ಮ ತಾಯಿಯವರು ನೆವ್ರಿಯನ್ನು ಮುರಿದು ಬಾಯಿಗಿಟ್ಟುಕೊಂಡು, "ಇದು ಕರ್ಜಿಕಾಯಿಯೇ! ಏಲಕ್ಕಿ ಒಂದು ಕಾಳು ಹೆಚ್ಚಾಯಿತು" ಎಂದು ತೀರ್ಪು ಕೊಟ್ಟರು. ಅದಾದ ಮೇಲೆ ಪ್ರತಿ ವರ್ಷವೂ ಆ ಮನೆಯ ಜಗುಲಿಯಲ್ಲಿ ಕುಳಿತು ಕಿಡಿಯೊ ಸುತ್ತುವವರಲ್ಲಿ ಅವರೂ ಒಬ್ಬರಾದರು. ಅವರು ಕಾಲವಾಗಿ ಹತ್ತು ವರ್ಷಗಳಾದುವು. ಅವರು ಉಪಯೋಗಿಸುತ್ತಿದ್ದ ಮುಳ್ಳುಚಮಚವು ನೆರೆಮನೆಯಲ್ಲಿ ಈಗಲೂ 'ಅಜ್ಜಿಯ ಚಮಚ' ಎಂದೇ ಕರೆಯಿಸಿಕೊಳ್ಳುತ್ತಿದೆ. ನಮ್ಮ ಮೊಮ್ಮಕ್ಕಳು ಅದಕ್ಕಾಗಿ ಸರದಿ ಕಾಯುತ್ತಾರೆ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಿನ್ನುವ ತಿನ್ನದಿರುವ ನಿಯಮಗಳು ಅವರವರವು. ಅವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಪ್ರೀತಿಯಿಂದ ಬಂದ ತಟ್ಟೆಯ ಮುಂದೆ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಕ್ಕಿಂತ ಬಾಯಿಬಿಟ್ಟು ಕೇಳುವುದು ಒಳ್ಳೆಯದು. ಕೊಡುವವರೂ ಇಂಥದರಲ್ಲಿ ಇಂಥದಿದೆಯೆಂದು ಮೊದಲೇ ಹೇಳುವುದು ಒಳ್ಳೆಯದು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಅಜ್ಜಿಯರ ಕಾಲದ ಮಾತು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಇಟ್ಟು, ಮಗುವಿನ ಕೈಯಲ್ಲಿಯೇ ಕೊಟ್ಟು ಕಳುಹಿಸಿರಿ.